ಕನ್ಸಲ್ಟಿಂಗ್ ಕಲಿಯಲು ಹುಕ್ಕೇರಿಯ ಲೆಕ್ಕಗಳು

1969ರಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿಗೆ ಹೊರಗಿನಿಂದ ಒಂದು ಸಲಹೆ ಬಂದಿತ್ತು. ಹಳ್ಳಿಗೆ ಕರೆಂಟು ಕೊಡುವ ಕೆಲಸವನ್ನು ಸರ್ಕಾರದ ವಿದ್ಯುತ್ ಮಂಡಳಿಯ ಪಾಲಿಗೇ ಬಿಡಬೇಡಿ, ಬಳಸುವವರೇ ಷೇರು ಹಾಕಿ ಸಹಕಾರಿ ಸಂಘ ಕಟ್ಟಿಕೊಳ್ಳಲಿ ಎಂಬುದು ಅದರ ಸಾರ. ಅಮೆರಿಕದ ಹಳ್ಳಿಗಳಲ್ಲಿ 1930ರ ದಶಕದಿಂದ ನಡೆದು ಗೆದ್ದಿದ್ದ ಪದ್ಧತಿ ಅದು. ಆ ದೇಶದ ಗ್ರಾಮೀಣ ವಿದ್ಯುತ್ ಸಹಕಾರಿಗಳ ರಾಷ್ಟ್ರೀಯ ಒಕ್ಕೂಟದ ತಜ್ಞರು ಅಮೆರಿಕ ಸರ್ಕಾರದ ನೆರವಿನೊಡನೆ ಅದನ್ನು ಭಾರತಕ್ಕೆ ತಂದರು. ಅದೇ ವರ್ಷ ಹುಟ್ಟಿದ ಗ್ರಾಮೀಣ ವಿದ್ಯುದೀಕರಣ ನಿಗಮ ಬೆನ್ನಿಗೆ ನಿಂತಿತು. ಪ್ರಯೋಗಕ್ಕೆ ಆರಿಸಿದ್ದು ಐದು ಜಾಗಗಳನ್ನು: ಗುಜರಾತಿನ ಕೋಡಿನಾರ್, ಇಂದು ತೆಲಂಗಾಣದಲ್ಲಿರುವ ಸಿರಿಸಿಲ್ಲ, ಉತ್ತರ ಪ್ರದೇಶದ ಲಖನೌ, ಮಹಾರಾಷ್ಟ್ರದ ಮುಳಾ-ಪ್ರವರಾ ಮತ್ತು ನಮ್ಮ ಹುಕ್ಕೇರಿ. ಅರ್ಧ ಶತಮಾನ ದಾಟಿದ ಮೇಲೆ ನೋಡಿದರೆ ಐದರ ಹಣೆಬರಹವೂ ಒಂದೇ ಆಗಿಲ್ಲ. ಮುಳಾ-ಪ್ರವರಾ ಬಾಕಿಯ ಭಾರಕ್ಕೆ ಕುಸಿದು 2011ರಲ್ಲಿ ಕರೆಂಟು ಹಂಚುವ ಕೆಲಸವನ್ನೇ ಕಳೆದುಕೊಂಡಿತು. ಹುಕ್ಕೇರಿಯ ಸಂಘ ಇಂದಿಗೂ ಕರೆಂಟು ಕೊಂಡು ತನ್ನ ಸದಸ್ಯರಿಗೆ ಹಂಚುತ್ತಿದೆ. ಕೊಟ್ಟ ಸಲಹೆ ಒಂದೇ, ಕೊಟ್ಟವರೂ ಅವರೇ, ಬಂದ ಫಲ ಮಾತ್ರ ಬೇರೆ ಬೇರೆ.

ಇಂಥ ಸಲಹೆಯನ್ನೇ ಕಸುಬು ಮಾಡಿಕೊಂಡ ಉದ್ಯಮಕ್ಕೆ ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಎನ್ನುತ್ತಾರೆ. ಷಿಕಾಗೋದಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕ ಜೇಮ್ಸ್ ಮೆಕಿನ್ಸಿ 1926ರಲ್ಲಿ ತಮ್ಮ ಹೆಸರಿನ ಸಂಸ್ಥೆ ತೆರೆದರು. 1963ರಲ್ಲಿ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್, 1973ರಲ್ಲಿ ಬೇನ್ ಬಂದವು. ಕಂಪನಿಗಳಿಗೂ ಸರ್ಕಾರಗಳಿಗೂ ಎಲ್ಲಿ ಹಣ ಸೋರುತ್ತಿದೆ, ಯಾವ ದಂಧೆಗೆ ಕೈಹಾಕಬೇಕು, ಯಾವುದನ್ನು ಬಿಡಬೇಕು ಎಂದು ಹೇಳಿ ಫೀ ಪಡೆಯುವುದು ಇವುಗಳ ಕೆಲಸ. ಐಐಎಂಗಳ ಬುದ್ಧಿವಂತ ವಿದ್ಯಾರ್ಥಿಗಳು ಮುಗಿಬೀಳುವ ಈ ಉದ್ಯೋಗದ ಕನಸು ಈಗ ಬೆಳಗಾವಿ, ಧಾರವಾಡದ ಕಾಲೇಜುಗಳಿಗೂ ತಲುಪಿದೆ. ಕನಸು ಕಾಣುವುದರಲ್ಲಿ ತಪ್ಪೇನೂ ಇಲ್ಲ. ತಯಾರಿಯ ರೀತಿ ಮಾತ್ರ ಚಿಂತೆಗೆ ಹಚ್ಚುವಂತಿದೆ. ಹುಡುಗ ಹುಡುಗಿಯರು ಯೂಟ್ಯೂಬಿನಲ್ಲಿ ಅಣಕು ಸಂದರ್ಶನ ನೋಡುತ್ತಾರೆ, ಸಂದರ್ಶನದ ಮಾದರಿ ಸಮಸ್ಯೆಗಳ ಪಿಡಿಎಫ್ ಕೇಸ್‌ಬುಕ್ಕುಗಳನ್ನು ಒಬ್ಬರಿಂದೊಬ್ಬರು ಪಡೆದು ಓದುತ್ತಾರೆ, ತಾವು ಕಾಲಿಡದ ನಗರದ ಕಾಫಿ ಅಂಗಡಿಯ ಲಾಭ ಯಾಕೆ ಇಳಿಯಿತೆಂದು ಬಾಯಿಪಾಠ ಮಾಡುತ್ತಾರೆ. ಘೋಡಗೇರಿಯಿಂದ ಬಸ್ಸು ಹತ್ತಿ ಗೋಕಾಕಕ್ಕೋ ಬೆಳಗಾವಿಗೋ ಕಾಲೇಜಿಗೆ ಹೋಗುವ ವಿದ್ಯಾರ್ಥಿಗೆ ಈ ಕಸುಬು ಕಲಿಯಲು ಬೇಕಾದ ಅತ್ಯುತ್ತಮ ಸಾಮಗ್ರಿ ಅವರ ದಾರಿಯಲ್ಲೇ ಇದೆ ಎಂಬುದು ನನ್ನ ವಾದ. ಅದನ್ನು ಬಿಟ್ಟು ಕೇಸ್‌ಬುಕ್ ಹಿಡಿದವರು ಸಂದರ್ಶನವನ್ನು ಕಲಿತಾರು, ಕಸುಬನ್ನು ಕಲಿಯುವುದಿಲ್ಲ.

ಕಸುಬಿನ ತಿರುಳು ಯಾವುದು? ದೊಡ್ಡ ಪ್ರಶ್ನೆಯನ್ನು ಒಂದರ ಮೇಲೊಂದು ಬೀಳದ, ಯಾವುದೂ ಬಿಟ್ಟುಹೋಗದ ಸಣ್ಣ ಪ್ರಶ್ನೆಗಳಾಗಿ ಬಿಡಿಸುವುದು. ಅವುಗಳಲ್ಲಿ ಯಾವುದರ ಉತ್ತರ ಬದಲಾದರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ ಎಂದು ಪತ್ತೆಹಚ್ಚುವುದು. ಅದೊಂದಕ್ಕೆ ಬೇಕಾದ ಅಂಕಿಯನ್ನು ತಂದು, ತೀರ್ಮಾನವನ್ನು ಮೊದಲು ಹೇಳಿ ಕಾರಣವನ್ನು ಆಮೇಲೆ ಕೊಡುವುದು. ಈ ಶಿಸ್ತನ್ನು ಬರವಣಿಗೆಯ ಪಾಠವಾಗಿ ರೂಪಿಸಿದವರು 1963ರಲ್ಲಿ ಮೆಕಿನ್ಸಿ ಸೇರಿದ ಬಾರ್ಬರಾ ಮಿಂಟೋ ಎಂಬ ಮಹಿಳೆ. ಅವರ ಪಿರಮಿಡ್ ತತ್ವವನ್ನು ಇಂದಿಗೂ ಹೊಸಬರಿಗೆ ಕಲಿಸುತ್ತಾರೆ. ಓದಬೇಕಾದ್ದೇ. ಆದರೆ ಯಾವ ಸಣ್ಣ ಪ್ರಶ್ನೆ ನಿಜವಾಗಿ ಮುಖ್ಯ ಎಂಬುದನ್ನು ಯಾವ ಚೌಕಟ್ಟೂ ಹೇಳಿಕೊಡುವುದಿಲ್ಲ. ಅದು ಗೊತ್ತಾಗುವುದು ಒಂದು ವ್ಯವಹಾರವನ್ನು ಒಳಗಿನಿಂದ ಬಲ್ಲವರಿಗೆ.

ಕಬ್ಬನ್ನೇ ತೆಗೆದುಕೊಳ್ಳೋಣ. 2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಧರಣಿ ಕೂತರು. ಬೇಡಿಕೆ ಟನ್ನಿಗೆ 3,500 ರೂಪಾಯಿ. ನವೆಂಬರ್ ಮೊದಲ ವಾರ ಮುಖ್ಯಮಂತ್ರಿಗಳು ಶೇ 11.25 ರಿಕವರಿಯ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಕಬ್ಬಿಗೆ 3,300 ಎಂದು ಘೋಷಿಸಿದರು. ಅದರಲ್ಲಿ 50 ರೂಪಾಯಿ ಸರ್ಕಾರದ್ದು. ರಾಜ್ಯವೇ ನೋಡಿದ ಹೋರಾಟ ಅದು. ಈಗ ಇದನ್ನೇ ಒಂದು ಕೇಸ್ ಎಂದುಕೊಳ್ಳಿ. ಕಾರ್ಖಾನೆ 3,500 ಕೊಡಬಲ್ಲದೇ? ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ನಿಗದಿ ಮಾಡಿದ ನ್ಯಾಯಸಮ್ಮತ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ 10.25 ರಿಕವರಿಗೆ ಕ್ವಿಂಟಲಿಗೆ 355 ರೂಪಾಯಿ. ಅದರ ಮೇಲೆ ಪ್ರತಿ 0.1ಕ್ಕೆ 3.46 ರೂಪಾಯಿ ಹೆಚ್ಚಳ. 11.25ಕ್ಕೆ ಹೋದರೆ 389.60, ಅಂದರೆ ಟನ್ನಿಗೆ 3,896. ಮೇಲ್ನೋಟಕ್ಕೆ ಇದು ರೈತರು ಕೇಳಿದ್ದಕ್ಕಿಂತ ಹೆಚ್ಚು! ಆದರೆ ಇದರಲ್ಲಿ ಕಟಾವು ಮತ್ತು ಸಾಗಾಣಿಕೆಯ ಖರ್ಚು ಮುರಿದುಕೊಳ್ಳುತ್ತಾರೆ. ಅದನ್ನು 700 ಎಂದು ಹಿಡಿದರೆ ರೈತರ ಕೈಗೆ 3,196. 900 ಎಂದು ಹಿಡಿದರೆ 2,996. ಧರಣಿಯ ವೇದಿಕೆಯಲ್ಲಿ ಎಲ್ಲರೂ ಕಬ್ಬಿನ ದರ ಮಾತಾಡುತ್ತಿದ್ದಾಗ, ಟನ್ನಿಗೆ ಇನ್ನೂರು ರೂಪಾಯಿಯ ವ್ಯತ್ಯಾಸ ಕಟಾವು ಗ್ಯಾಂಗಿನ ಕೂಲಿ, ಗದ್ದೆಯಿಂದ ಕಾರ್ಖಾನೆಗಿರುವ ದೂರ, ಟ್ರ್ಯಾಕ್ಟರ್ ಕಾಯುವ ಸಮಯ ಇವುಗಳಲ್ಲಿ ಅಡಗಿ ಕೂತಿತ್ತು.

ಕಾರ್ಖಾನೆಯ ಕಡೆಯಿಂದಲೂ ಲೆಕ್ಕ ಮಾಡಬೇಕು, ಇಲ್ಲದಿದ್ದರೆ ಅದು ವಕಾಲತ್ತು ಆದೀತು. 11.25 ರಿಕವರಿ ಅಂದರೆ ಒಂದು ಟನ್ ಕಬ್ಬಿನಿಂದ 112.5 ಕಿಲೋ ಸಕ್ಕರೆ. 2019ರಿಂದ ಸಕ್ಕರೆಯ ಕನಿಷ್ಠ ಮಾರಾಟ ದರ ಕಿಲೋಗೆ 31 ರೂಪಾಯಿಗೇ ನಿಂತಿತ್ತು ಎಂಬುದು ಆಗ ಕಾರ್ಖಾನೆಗಳ ಹಳೆಯ ದೂರು. ಆ ದರದಲ್ಲಿ ಬರುವುದು 3,487 ರೂಪಾಯಿ, ಎಫ್‌ಆರ್‌ಪಿಗೂ ಸಾಲದು. ಆದರೆ ಕನಿಷ್ಠ ದರವೇ ಮಾರಾಟದ ದರವಲ್ಲ. ಕಿಲೋಗೆ 38 ಸಿಕ್ಕಿತು ಎಂದುಕೊಂಡರೆ 4,275 ಆಗುತ್ತದೆ. ಇದಲ್ಲದೆ ಬಗಾಸಿನಿಂದ ವಿದ್ಯುತ್ತು, ಕಾಕಂಬಿಯಿಂದ ಎಥನಾಲ್ ಇವೆಯಲ್ಲ ಎನ್ನುತ್ತಾರೆ ರೈತರು, ಅದೂ ಸರಿಯೇ. 2012ರಲ್ಲಿ ಸಿ. ರಂಗರಾಜನ್ ಸಮಿತಿ ಸಕ್ಕರೆ ಮತ್ತು ಉಪಉತ್ಪನ್ನಗಳ ಆದಾಯದಲ್ಲಿ 70 ಭಾಗ ಬೆಳೆಗಾರನಿಗೆ, ಸಕ್ಕರೆಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಸುಮಾರು 75 ಭಾಗ ಎಂದು ಸೂತ್ರ ಕೊಟ್ಟಿತ್ತು. 4,275ರಲ್ಲಿ 75 ಭಾಗ 3,206. ಸಕ್ಕರೆ 40ಕ್ಕೆ ಏರಿದರೆ 3,375. ಈ ಹಾಳೆಯನ್ನು ಒಮ್ಮೆ ಕೈಯಾರೆ ಬರೆದವರಿಗೆ ‘ಕಾರ್ಖಾನೆ ಸುಳ್ಳು ಹೇಳುತ್ತದೆ’, ‘ರೈತರು ಅತಿಯಾಸೆ ಪಡುತ್ತಾರೆ’ ಎಂಬ ಎರಡೂ ಮಾತು ಎಷ್ಟು ಸೋಮಾರಿ ಮಾತುಗಳೆಂದು ತಿಳಿಯುತ್ತದೆ.

ಇಷ್ಟಕ್ಕೇ ನಿಂತರೆ ಒಳ್ಳೆಯ ಲೆಕ್ಕಿಗರಾದಂತಾಯಿತು. ಕನ್ಸಲ್ಟಂಟ್ ಆಗಬೇಕಾದರೆ ಇನ್ನೊಂದು ಹೆಜ್ಜೆ ಇಡಬೇಕು: ಇದರಲ್ಲಿ ಯಾವ ಅಂಕಿಯ ಕೈಯಲ್ಲಿ ಎಲ್ಲದರ ಕೀಲಿ ಇದೆ? ನನ್ನ ಪ್ರಕಾರ ಅದು ರಿಕವರಿ. ರಿಕವರಿ ಅರ್ಧ ಅಂಶ ಕಡಿಮೆ ತೋರಿಸಿದರೆ ಎಫ್‌ಆರ್‌ಪಿ ಟನ್ನಿಗೆ 173 ರೂಪಾಯಿ ಇಳಿಯುತ್ತದೆ. ಹತ್ತು ಲಕ್ಷ ಟನ್ ನುರಿಸುವ ಕಾರ್ಖಾನೆಯಲ್ಲಿ ಅದು 17 ಕೋಟಿ ಮೀರುತ್ತದೆ. ರಸ್ತೆಯಲ್ಲಿ ಕೂತು ಗಳಿಸಿದ ಕೊನೆಯ ನೂರು ರೂಪಾಯಿಗಿಂತ ಪ್ರಯೋಗಾಲಯದ ಈ ಅರ್ಧ ಅಂಶಕ್ಕೆ ಹೆಚ್ಚು ಬೆಲೆ. ಮೇಲಾಗಿ ದರಕ್ಕೆ ಆಧಾರ ಇಡೀ ಕಾರ್ಖಾನೆಯ ಹಿಂದಿನ ಹಂಗಾಮಿನ ಸರಾಸರಿ. ಹಾಗಾಗಿ ಒಳ್ಳೆಯ ತಳಿ ಹಾಕಿ, ಹೊತ್ತಿಗೆ ಸರಿಯಾಗಿ ಕಡಿಸಿದ ರೈತನಿಗೂ ನೀರು ನಿಂತ ಗದ್ದೆಯ ಕಬ್ಬು ಕಳಿಸಿದವನಿಗೂ ಒಂದೇ ರೇಟು. ಸಕ್ಕರೆಯಾಗಬೇಕಾದ ಅಂಶವನ್ನು ಎಥನಾಲಿಗೆ ತಿರುಗಿಸಿದಾಗ ರಿಕವರಿಗೆ ಅದನ್ನು ಎಷ್ಟು ಸೇರಿಸಬೇಕೆಂಬ ತಕರಾರು ಬೇರೆ. ಹಾಗಾದರೆ ಕೊಡಬೇಕಾದ ಸಲಹೆ ದರ ಏರಿಸಿ ಎಂಬುದಷ್ಟೇ ಅಲ್ಲ. ರಿಕವರಿ ಅಳೆಯುವಲ್ಲಿ ಮತ್ತು ತೂಕದ ಕಾಟಾದಲ್ಲಿ ಬೆಳೆಗಾರರ ಪ್ರತಿನಿಧಿಯ ಕಣ್ಣು ಇರಲಿ ಎಂಬುದು ಅದಕ್ಕಿಂತ ಮುಖ್ಯ. ಒಪ್ಪದವರು ಇದನ್ನು ಅಲ್ಲಗಳೆದು ಬೇರೊಂದು ಕೀಲಿ ತೋರಿಸಬಹುದು. ಹಾಗೆ ತೋರಿಸಲು ಹೊರಟರೆ ಅವರ ತಯಾರಿ ಶುರುವಾಯಿತು ಎಂದೇ ಅರ್ಥ.

ವಿದ್ಯುತ್ ಸಂಘದ ಲೆಕ್ಕ ಇದಕ್ಕಿಂತ ಜಾಣತನ ಬೇಡುತ್ತದೆ. ಸಂಘ ದರ ನಿಗದಿಗಾಗಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಅರ್ಜಿ ಹಾಕುತ್ತದೆ. ಆಯೋಗ ಬಹಿರಂಗ ವಿಚಾರಣೆ ನಡೆಸಿ ಆದೇಶ ಹೊರಡಿಸುತ್ತದೆ. ಆ ಆದೇಶಗಳು ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದಾದಂತೆ ಇವೆ. ಎಷ್ಟು ಯೂನಿಟ್ ಕೊಂಡರು, ಎಷ್ಟು ಮಾರಿದರು, ನೌಕರರ ವೇತನವೆಷ್ಟು, ಸಬ್ಸಿಡಿ ಎಷ್ಟು, ಎಲ್ಲವೂ ಅಲ್ಲಿದೆ. ದುಬಾರಿ ಬಿಸಿನೆಸ್ ಸ್ಕೂಲುಗಳು ಹಣ ಕೊಟ್ಟು ಕೊಳ್ಳುವ ಕೇಸ್‌ಗಳಲ್ಲಿ ಅರ್ಧದಷ್ಟು ವಿವರವೂ ಇರುವುದಿಲ್ಲ. ಓದುವಾಗ ಒಂದು ಕಡೆ ನಿಲ್ಲಬೇಕು. 2008ರಿಂದ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ, ಬಾಬ್ತನ್ನು ಸರ್ಕಾರ ತುಂಬಿಕೊಡಬೇಕು. ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರಿಲ್ಲ, ಅವು ಎಷ್ಟು ಎಳೆದವೆಂಬುದು ಅಂದಾಜು. ಉದಾಹರಣೆಗೆ ನೂರು ಯೂನಿಟ್ ಕೊಂಡು ಮೀಟರಿನ ಮೇಲೆ 45 ಮಾರಿ, ಪಂಪ್‌ಸೆಟ್‌ಗೆ 42 ಹೋಯಿತು ಎಂದು ಬರೆದರೆ ನಷ್ಟ 13. ಅದೇ ಅಂದಾಜನ್ನು 47 ಎಂದು ಬರೆದರೆ ನಷ್ಟ 8ಕ್ಕೆ ಇಳಿದು, ಸರ್ಕಾರದಿಂದ ಬರಬೇಕಾದ ಸಬ್ಸಿಡಿಯೂ ಏರುತ್ತದೆ. ಒಂದು ತಂತಿಯನ್ನೂ ಬದಲಿಸದೆ, ಒಂದು ಟ್ರಾನ್ಸ್‌ಫಾರ್ಮರನ್ನೂ ರಿಪೇರಿ ಮಾಡದೆ ಪೆನ್ನಿನಲ್ಲೇ ನಷ್ಟ ಇಳಿಸಬಹುದು! ದೇಶದ ಯಾವ ವಿತರಣಾ ಕಂಪನಿಯ ನಷ್ಟದ ಅಂಕಿಯನ್ನೇ ನೋಡಲಿ, ಮೀಟರಿಲ್ಲದ ಬಳಕೆಗೆ ಎಷ್ಟು ಬರೆದಿರಿ ಎಂದು ಮೊದಲು ಕೇಳುವ ವಿದ್ಯಾರ್ಥಿಗೆ ವಿದ್ಯುತ್ ಕ್ಷೇತ್ರದ ಸಲಹಾಕಾರರ ನಡುವೆ ಕೂರುವ ಅರ್ಹತೆ ಬಂದಿದೆ.

ಮೊದಲಿಗೆ ಹೇಳಿದ ಅಮೆರಿಕದ ಮಾದರಿಯಲ್ಲಿ ಸದಸ್ಯ ಮೀಟರ್ ನೋಡಿ ಬಿಲ್ಲು ಕಟ್ಟುತ್ತಾನೆ, ಸಂಘ ಆ ಹಣದಿಂದ ಸಾಲ ತೀರಿಸುತ್ತದೆ. ನಮ್ಮಲ್ಲಿ ದೊಡ್ಡ ಬಳಕೆದಾರನಾದ ಪಂಪ್‌ಸೆಟ್ ರೈತ ಬಿಲ್ಲು ಕಟ್ಟುವುದೇ ಇಲ್ಲ, ಅವನ ಪರವಾಗಿ ವಿಧಾನಸೌಧ ಕಟ್ಟುತ್ತದೆ, ಅದೂ ತನಗೆ ಅನುಕೂಲವಾದಾಗ. ಸಂಘದ ನಗದು ಹುಕ್ಕೇರಿಯ ದಕ್ಷತೆಗಿಂತ ಬೆಂಗಳೂರಿನ ಖಜಾನೆಯ ಮೇಲೆ ಹೆಚ್ಚು ಅವಲಂಬಿಸಿದೆ. ಜೊತೆಗೆ ರಾಜಕೀಯ. 2025ರ ಸೆಪ್ಟೆಂಬರ್‌ನಲ್ಲಿ ಈ ಸಂಘದ ಆಡಳಿತ ಮಂಡಳಿಗೆ ನಡೆದ ಚುನಾವಣೆ ಜಿಲ್ಲೆಯ ದೊಡ್ಡ ಮನೆತನಗಳ ಪ್ರತಿಷ್ಠೆಯ ಕಣವಾಗಿತ್ತು. ಈ ಸಂಘಕ್ಕೆ ಎಕ್ಸೆಲ್ ಹಾಳೆ ಮಾತ್ರ ಹಿಡಿದು ಸಲಹೆ ಕೊಡಲು ಬಂದವರು ಮೊದಲ ಸಭೆಯಲ್ಲೇ ಸೋಲುತ್ತಾರೆ. ಯಾರ ಒಪ್ಪಿಗೆ ಇಲ್ಲದೆ ಯಾವುದು ನಡೆಯುವುದಿಲ್ಲ ಎಂಬ ತಿಳಿವಳಿಕೆ ಬೆಳಗಾವಿ ಜಿಲ್ಲೆಯ ಮಕ್ಕಳಿಗೆ ಮನೆಯ ಕಟ್ಟೆಯ ಮೇಲೇ ದಕ್ಕಿರುತ್ತದೆ. ಕನ್ಸಲ್ಟಿಂಗ್ ಸಂಸ್ಥೆಗಳು ಅದಕ್ಕೇ ಭಾಗೀದಾರರ ನಕ್ಷೆ ಎಂದು ಹೆಸರಿಟ್ಟು ಫೀ ಪಡೆಯುತ್ತವೆ.

ಇದೆಲ್ಲ ಚೆಂದ, ಆದರೆ ಆ ಸಂಸ್ಥೆಗಳು ನಮ್ಮ ಕಾಲೇಜಿಗೆ ಬರುವುದೇ ಇಲ್ಲವಲ್ಲ ಎಂಬುದು ಮೊದಲ ಆಕ್ಷೇಪ. ನಿಜ, ಬರುವುದಿಲ್ಲ. ಅವು ಆಯುವುದು ಕೆಲವೇ ಐಐಎಂ, ಐಐಟಿ, ದೆಹಲಿಯ ಒಂದೆರಡು ಕಾಲೇಜುಗಳಿಂದ. ಇದು ಪ್ರತಿಭೆಯ ಮಾತಲ್ಲ, ಹುಡುಕುವ ಖರ್ಚು ಉಳಿಸುವ ಉಪಾಯ. ಅದನ್ನು ಅನ್ಯಾಯವೆಂದು ಬಯ್ಯಬಹುದು, ಆದರೆ ಬಯ್ದು ಕೂತರೆ ವರ್ಷ ಹೋಗುತ್ತದೆ. ಹಾಗಾಗಿ ಪದವಿಯ ಎರಡನೇ ವರ್ಷದಿಂದಲೇ ಕ್ಯಾಟ್ ಪರೀಕ್ಷೆಯ ತಯಾರಿಯನ್ನು ಜೊತೆಗಿಟ್ಟುಕೊಳ್ಳಬೇಕು. ಎರಡು ಗಂಟೆಯ ಆ ಪರೀಕ್ಷೆಯಲ್ಲಿ ಅಂಕಿಅಂಶ ಬಿಡಿಸುವ ಒಂದು ವಿಭಾಗವೇ ಇದೆ. ಮೇಲೆ ಹೇಳಿದ ಲೆಕ್ಕಗಳ ರೂಢಿ ಅಲ್ಲಿ ವ್ಯರ್ಥವಾಗುವುದಿಲ್ಲ. ಐಐಎಂಗಳಲ್ಲಿ ಹಿಂದುಳಿದ ವರ್ಗಗಳಿಗೆ ಶೇ 27 ಮೀಸಲಾತಿ ಇರುವುದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ದಾರಿ ಅದೊಂದೇ ಅಲ್ಲ. ವರ್ಗೀಸ್ ಕುರಿಯನ್ 1979ರಲ್ಲಿ ಆಣಂದದಲ್ಲಿ ಕಟ್ಟಿದ ಗ್ರಾಮೀಣ ಆಡಳಿತದ ಸಂಸ್ಥೆ ಇರ್ಮಾ ಇದೆ, ಸಹಕಾರಿ ಆಡಳಿತಕ್ಕೆಂದೇ ಇರುವ ಪುಣೆಯ ವೈಕುಂಠ ಮೆಹ್ತಾ ಸಂಸ್ಥೆ ಇದೆ. ಸಲಹೆಯೇ ಕೆಲಸವಾಗಿರುವ ಟೆಕ್ಸಾಕ್ ಎಂಬ ಸಂಸ್ಥೆಯನ್ನು ಕರ್ನಾಟಕ ಸರ್ಕಾರ 1976ರಲ್ಲೇ ಬೆಂಗಳೂರಿನಲ್ಲಿ ಸ್ಥಾಪಿಸಿತು. ನಬಾರ್ಡಿಗೆ ನ್ಯಾಬ್‌ಕಾನ್ಸ್ ಎಂಬ ಸಲಹಾ ಅಂಗವಿದೆ. ದೊಡ್ಡ ಹೆಸರುಗಳ ಹೊಳಪು ಇಲ್ಲದಿರಬಹುದು, ಕಸುಬು ಕಲಿಯಲು ಇವು ಸಾಕು. ಎರಡು ಮೂರು ವರ್ಷ ಅಲ್ಲಿ ದುಡಿದು ಎಂಬಿಎ ಸಂದರ್ಶನಕ್ಕೆ ಹೋದವರು ಬರಿಗೈಯಲ್ಲಿ ಹೋಗಿರುವುದಿಲ್ಲ.

ಎರಡನೆಯದು ಇಂಗ್ಲಿಷಿನ ಭಯ. ಸಂದರ್ಶನ ಇಂಗ್ಲಿಷಿನಲ್ಲೇ ನಡೆಯುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಅಲ್ಲಿ ಬೇಕಾದ್ದು ಸಾಹಿತ್ಯದ ಇಂಗ್ಲಿಷಲ್ಲ, ಲೆಕ್ಕವನ್ನು ಬಾಯಿಬಿಟ್ಟು ಹೇಳುವ ಇಂಗ್ಲಿಷು. ಗೋಕಾಕದಲ್ಲಿ ದಿನಕ್ಕೆ ಎಷ್ಟು ಕಿಲೋ ಕರದಂಟು ಮಾರಾಟವಾಗಬಹುದು? ಅಂಗಡಿಗಳೆಷ್ಟು, ಊರವರು ಕೊಳ್ಳುವುದೆಷ್ಟು, ಫಾಲ್ಸ್ ನೋಡಲು ಬಂದವರು ಒಯ್ಯುವುದೆಷ್ಟು, ಹೊರಗೆ ಪಾರ್ಸೆಲ್ ಹೋಗುವುದೆಷ್ಟು ಎಂದು ಬಿಡಿಸಿ ಗೆಳೆಯರ ಮುಂದೆ ಗಟ್ಟಿಯಾಗಿ ಹೇಳಬೇಕು. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ವಿಷಯ ತಿಳಿದಿದ್ದರೆ ಭಾಷೆ ತಡವರಿಸಿದರೂ ದಾರಿ ತಪ್ಪುವುದಿಲ್ಲ. ಇನ್ನು ಕನ್ನಡದ ಜೊತೆ ಮರಾಠಿ, ಹಿಂದಿಯಲ್ಲೂ ವ್ಯವಹರಿಸುವ ಈ ಭಾಗದವರು ಕಾರ್ಖಾನೆಯ ಅಂಗಳದಲ್ಲಿ ಕೆಲಸಗಾರರಿಂದ ಕೇಳಿ ತಿಳಿಯಬಲ್ಲದ್ದನ್ನು, ಇಂಗ್ಲಿಷೊಂದನ್ನೇ ಬಲ್ಲವರು ಮ್ಯಾನೇಜರರ ಕೋಣೆಯಲ್ಲಿ ಕೂತು ತಿಳಿಯಲಾರರು.

ಗಂಭೀರವಾದದ್ದು ಮೂರನೆಯ ಆಕ್ಷೇಪ. ಈ ಕಸುಬೇ ಯೋಗ್ಯವಲ್ಲ, ಬೇರೆಯವರ ಹಣದಲ್ಲಿ ಬೇರೆಯವರ ಬದುಕಿನ ಮೇಲೆ ಪ್ರಯೋಗ ಮಾಡಿ ಹೊರಟುಹೋಗುವವರ ಗುಂಪಿಗೆ ನಮ್ಮ ಮಕ್ಕಳನ್ನು ಯಾಕೆ ಸೇರಿಸಬೇಕು ಎನ್ನುವವರಿದ್ದಾರೆ. ಅವರ ಬಳಿ ಪುರಾವೆ ಇದೆ. ಅಮೆರಿಕದಲ್ಲಿ ಚಟ ಹತ್ತಿಸುವ ನೋವುಶಾಮಕಗಳ ಮಾರಾಟ ಹೆಚ್ಚಿಸಲು ಕಂಪನಿಗಳಿಗೆ ಸಲಹೆ ಕೊಟ್ಟ ಪ್ರಕರಣದಲ್ಲಿ ಮೆಕಿನ್ಸಿ 2021ರಲ್ಲಿ ಅಲ್ಲಿನ ರಾಜ್ಯಗಳಿಗೆ 57 ಕೋಟಿ ಡಾಲರಿಗೂ ಹೆಚ್ಚು ಕೊಡಲು ಒಪ್ಪಬೇಕಾಯಿತು. ನೆರೆಯ ಆಂಧ್ರದಲ್ಲಿ ಅದೇ ಸಂಸ್ಥೆಯ ನೆರವಿನಿಂದ ತಯಾರಾದ ವಿಷನ್ 2020 ದಾಖಲೆ ರೈತರನ್ನು ಮರೆತಿದೆ ಎಂಬ ಟೀಕೆಗೆ ಗುರಿಯಾಯಿತು. ನಾನು ಈ ಆಕ್ಷೇಪವನ್ನು ತಳ್ಳಿಹಾಕುವುದಿಲ್ಲ. ಆದರೆ ಸಲಹೆಯನ್ನೇ ನಿಲ್ಲಿಸುವುದು ಅದಕ್ಕೆ ಪರಿಹಾರವಲ್ಲ. 1908ರ ಮೂಸಿ ಪ್ರವಾಹದಲ್ಲಿ ಹೈದರಾಬಾದು ಕೊಚ್ಚಿಹೋದ ಮೇಲೆ ನಿಜಾಮ ಸರ್ಕಾರ ಕರೆಸಿದ್ದು ಮುಂಬಯಿ ಪ್ರಾಂತ್ಯದ ಸೇವೆ ಬಿಟ್ಟಿದ್ದ ಎಂ. ವಿಶ್ವೇಶ್ವರಯ್ಯನವರನ್ನು, ಸಲಹೆಗಾರ ಎಂಜಿನಿಯರಾಗಿ. ಅವರು ನದಿಯ ಮೇಲ್ಭಾಗದ ಮಳೆಯ ದಾಖಲೆ ಜಾಲಾಡಿ, ನೀರನ್ನು ಊರಿನ ಗೋಡೆಯ ಬಳಿ ತಡೆಯುವ ಬದಲು ಮೇಲೆಯೇ ಹಿಡಿಯಬೇಕೆಂದರು. ಆ ಸಲಹೆಯ ಫಲ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ. ಮುಂದೆ ಒಳಚರಂಡಿಯ ಕೆಲಸಕ್ಕೆ ಅದೇ ನಗರ ಅವರನ್ನು ಮತ್ತೆ ಕರೆಯಿತು. ಸಲಹೆ ಕೊಟ್ಟವರನ್ನು ವರ್ಷಗಳ ಮೇಲೆ ಅದೇ ಊರು ಮತ್ತೆ ಕರೆಯುತ್ತದೆಯೇ ಎಂಬುದಕ್ಕಿಂತ ಕಠಿಣವಾದ ಅಳತೆಗೋಲು ಈ ಕಸುಬಿಗೆ ಇಲ್ಲ. ಆ ಅಳತೆಗೆ ಹೆದರುವವರು ತಯಾರಾಗಬೇಕಾದರೆ, ತಪ್ಪು ಸಲಹೆಯ ಬಿಲ್ಲು ಕಟ್ಟುವವರ ನಡುವೆ ಬೆಳೆದವರು ಈ ಕೆಲಸಕ್ಕೆ ಹೆಚ್ಚು ಹೋಗಬೇಕು.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಹೊಸಬರ ಕೆಲಸವೇ ಇರುವುದಿಲ್ಲ ಎಂಬ ಮಾತೂ ಇದೆ. ಸ್ಲೈಡು ಮಾಡುವ, ವರದಿ ಸಾರಾಂಶ ಬರೆಯುವ ಕೆಲಸ ಖಂಡಿತ ಕುಗ್ಗುತ್ತದೆ. ಕೇಸ್‌ಬುಕ್ಕಿನ ಉತ್ತರವನ್ನು ಯಂತ್ರ ಈಗಲೇ ವಿದ್ಯಾರ್ಥಿಗಿಂತ ಚೆನ್ನಾಗಿ ಕೊಡುತ್ತದೆ. ಆದರೆ ಪಂಪ್‌ಸೆಟ್‌ಗೆ ಬರೆದ ಅಂದಾಜು ನಂಬುವಂಥದ್ದೇ ಎಂದು ಲೈನ್‌ಮನ್‌ನ ಜೊತೆ ಹೋಗಿ ನೋಡುವುದು ಯಂತ್ರಕ್ಕಾಗದು. ಬಾಯಿಪಾಠದ ತಯಾರಿಗೆ ಬೆಲೆ ಕಳೆದಷ್ಟೂ ಸ್ಥಳದ ತಯಾರಿಗೆ ಬೆಲೆ ಬರುತ್ತದೆ.

ಉಳಿದದ್ದು ಕಾಲೇಜುಗಳ ಪಾಲು. ಎಂಬಿಎ, ಬಿಬಿಎ, ಬಿಕಾಂ ಕೊನೆಯ ವರ್ಷದ ಪ್ರಾಜೆಕ್ಟು ಎಷ್ಟೋ ಕಡೆ ಜೆರಾಕ್ಸ್ ಅಂಗಡಿಯಲ್ಲಿ ಹೆಸರು ಬದಲಿಸಿ ಸ್ಪೈರಲ್ ಬೈಂಡಿಂಗ್ ಮಾಡಿಸುವ ವ್ಯವಹಾರವಾಗಿದೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ನಿಡಸೋಶಿಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಬೆಳಗಾವಿಯಲ್ಲಿ 2010ರಿಂದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ, ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ, ಊರೂರಿಗೆ ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ) ಇದೆ. ಸದಸ್ಯರ ಮನೆಗೆ ಬರುವ ವಾರ್ಷಿಕ ವರದಿಯ ಪುಸ್ತಿಕೆ, ಅದರೊಳಗಿನ ಅಢಾವೆ ಪತ್ರಿಕೆ, ಜಮಾ-ಖರ್ಚು ಓದಿ, ಮೂರು ವರ್ಷದ ಅಂಕಿ ಹೋಲಿಸಿ, ಒಂದೇ ಒಂದು ಪ್ರಶ್ನೆಗೆ ಉತ್ತರ ಹುಡುಕಿ ಎರಡು ಪುಟದ ಕನ್ನಡ ಟಿಪ್ಪಣಿ ಬರೆದು ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಓದಿದ ವಿದ್ಯಾರ್ಥಿಗೇ ಪ್ರಾಜೆಕ್ಟಿನ ಅಂಕ ಎಂದು ಪ್ರಾಧ್ಯಾಪಕರು ನಿಯಮ ಮಾಡಲಿ. ಸಭೆಯಲ್ಲಿ ಕೂತ ರೈತರು ಕೇಳುವ ಪ್ರಶ್ನೆಗಳು ಯಾವ ಕಂಪನಿಯ ಸಂದರ್ಶನಕ್ಕೂ ಕಡಿಮೆ ಇರುವುದಿಲ್ಲ. ಸಹಕಾರಿ ಸಂಘಗಳ ಸಭೆಗಳು ಹೆಚ್ಚಾಗಿ ಸೆಪ್ಟೆಂಬರ್‌ನಲ್ಲಿ ಮುಗಿಯುತ್ತವೆ. ಮಾರ್ಗದರ್ಶಕರು ವಿಷಯ ಹಂಚುವ ಕೆಲಸವನ್ನು ಜೂನ್‌ನಲ್ಲೇ ಮುಗಿಸಬೇಕು.